ಅಂಚಿಗೆ ಬೀಗ

ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯಲ್ಲಿ ಆ ಬೆಳಿಗ್ಗೆ ಮಾಲೀಕರು, ಅಗರದ ವಯಸ್ಸಾದ ಸೇಲ್ಸ್‌ಮನ್, ಬಿಲ್ ಬರೆಯುವ ನಾನು, ಕಾಮಗೆರೆಯಿಂದ ಬರುತ್ತಿದ್ದ ಕಂಪ್ಯೂಟರಿನಾಕೆ ಇದ್ದೆವು. ಗಿರಾಕಿಗಳಿಗೆ ಕಳಿಸುವ ಇಮೇಲಿನ ಒಕ್ಕಣೆ ಸೇಲ್ಸ್‌ಮನ್ನರದು. ಈ ಸಲ ಬರೆಯುವಾಗ, ಚಿತ್ರಗಳನ್ನು ಜಾಗದಲ್ಲಿ ಕೂರಿಸುವ ಕೋಡನ್ನೂ ಅಳಿಸಿಬಿಟ್ಟಿದ್ದರು. ಸೀರೆಯ ಚಿತ್ರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಹೋಗಿದ್ದವು.

"ಇನ್ಮೇಲೆ ನೀವು ಬರೀಬ್ಯಾಡಿ. ಸೀರೆ ಮಡಿಚ್ಕಂಡಿರಿ," ಎಂದರು ಮಾಲೀಕರು. ಮುದುಕರ ಮುಖ ಬಾಡಿತು.

ಕಂಪ್ಯೂಟರಿನಾಕೆ ಎಂದಿನಂತೆ ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡಳು. "ಬೀಗ ಆಕ್ದೆ ಬುಟ್ಟಿದ್ದು ನಾನು ಸಾ," ಎಂದವಳೇ ಕೋಡಿಗೆಲ್ಲ ಬೀಗ ಹಾಕಿ, ಮಾತು ಬರೆಯಲು ಎರಡು ಖಾನೆ ಮಾತ್ರ ತೆರೆದಿಟ್ಟಳು. ಆಮೇಲೆ ದಿನವೂ ಮುದುಕರಿಗೆ ಅದೇ ಮಾತು: "ಅಂಚು ನಂದು, ಒಡಲು ನಿಮ್ದು. ಬರೀರಿ ಅಣ್ಣ."

ಅವಳು ಕೆಲಸ ಬಿಟ್ಟ ಮೇಲೆ ದೀಪಾವಳಿಯ ಇಮೇಲ್ ಹೋಯಿತು. ಒಂದು ಚಿತ್ರವೂ ಕದಲಿರಲಿಲ್ಲ. ಖಾನೆಯಲ್ಲಿ ಮುದುಕರು ಬರೆದಿದ್ದರು: "ಅಕ್ಕಾ, ಒಸ ಸೀರೆ ಬಂದವೆ. ತಕಳ್ದಿದ್ರೂ ಬನ್ನಿ, ನೋಡ್ಕಂಡೋಗಿ."