ಅಮ್ಮನ ನಂಬರಿನ ಹಾಲು

ಆ ಬೆಳಿಗ್ಗೆ ಮೊದಲು ಫೋನ್ ಮಾಡಿದವನು ಪಾವಗಡದ ಕಡೆಯ ಹಳ್ಳಿಯೊಂದರ ಡೈರಿಯವನು. "ಎಂಟ್ರೀನೇ ಅವತಾ ಲೇದು ಸಾರ್, ಆಗ್ತಾನೇ ಇಲ್ಲ. ಜನ ಕ್ಯಾನ್ ಹಿಡ್ಕೊಂಡು ನಿಂತವ್ರೆ." ಅವನು ಫೋನ್ ಇಡುವಷ್ಟರಲ್ಲಿ ಶಿರಾದಿಂದ ಇನ್ನೊಬ್ಬ. ನನಗೆ ನೋಡದೆಯೇ ಗೊತ್ತಾಯಿತು, ಡೇಟಾಬೇಸ್ ತುಂಬಿದೆ.

ಮಧುಗಿರಿಯ ಒಂದು ಖಾಸಗಿ ಹಾಲಿನ ಕೇಂದ್ರದ ಹಿಂದಿನ ಕೋಣೆ ನನ್ನದು. ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ಯಾರು ಎಷ್ಟು ಹಾಲು ಹಾಕಿದರು, ಕೊಬ್ಬಿನಂಶ ಎಷ್ಟಿತ್ತು ಎಂಬುದೆಲ್ಲ ಎರಡು ಹೊತ್ತೂ ಇಲ್ಲಿನ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಹಾಲು ಹಾಕುವ ಒಬ್ಬೊಬ್ಬರಿಗೂ ಒಂದೊಂದು ನಂಬರು. ಮಾತಿಗೆ ಯಾರೂ ಇಲ್ಲ. ಎ.ಸಿ. ಇದೆ, ಅದೂ ನನಗಲ್ಲ, ಕಂಪ್ಯೂಟರಿಗೆ. ಮಾಲೀಕರು ಹಾಕಿಸಿರುವುದು ಬಿಟ್ಟಿ ಡೇಟಾಬೇಸ್. ಹತ್ತು ಜಿಬಿ ಆಯಿತೋ, ಆಮೇಲೆ ತಿಪ್ಪರಲಾಗ ಹಾಕಿದರೂ ಹೊಸದೇನನ್ನೂ ತೆಗೆದುಕೊಳ್ಳುವುದಿಲ್ಲ. ಅದರದೇ ದುಡ್ಡಿನ ಆವೃತ್ತಿಯ ಮಿತಿ ಎಷ್ಟೆಂದು ಓದಿದ್ದೇನೆ. ನಮ್ಮ ಕಡೆಯ ಹಸುಗಳೆಲ್ಲ ಯುಗಗಟ್ಟಲೆ ಕರೆದರೂ ಅದು ತುಂಬುವುದಿಲ್ಲ. ಮಾಲೀಕರಿಗೆ ಹೇಳಿದರೆ, "ಹಳೇದು ಅಳಿಸ್ರೀ, ಯಾರು ಕೇಳ್ತಾರೆ?" ಅಂದರು.

ಈಗಲೂ ಹಾಲು ಹಾಕುವವರ ಹಳೆಯ ಲೆಕ್ಕ ಬೇಕಾಗುತ್ತದೆ. ಹಾಗಾಗಿ ವರ್ಷದಿಂದ ಒಮ್ಮೆಯೂ ಹಾಲು ಹಾಕದ ನಂಬರುಗಳನ್ನು ಮಾತ್ರ ತೆಗೆಯುವುದೆಂದು ಕೂತೆ. ಆಗ ಕೈ ನಿಂತಿತು. ಅಮ್ಮ ತೀರಿಕೊಂಡು ಎರಡು ವರ್ಷ. ಕೊಳಾಲದ ಹತ್ತಿರದ ನಮ್ಮೂರಿನಲ್ಲಿ ಅವಳು ಹಾಕಿದ ಹಾಲಿನ ಲೆಕ್ಕವೂ ಇದರೊಳಗೇ ಇತ್ತು.

ಅವಳಿದ್ದಾಗ ಬೆಳಿಗ್ಗೆ ಬಂದು ಮೊದಲು ಅವಳ ನಂಬರು ಹುಡುಕುತ್ತಿದ್ದೆ. ಹಾಲು ಬಂದಿದೆಯೆಂದರೆ ಅಮ್ಮ ಎದ್ದಿದ್ದಾಳೆ, ಡೈರಿಯವರೆಗೂ ನಡೆದಿದ್ದಾಳೆ, ಅಲ್ಲಿ ಯಾರ ಜೊತೆಗೋ ಜಗಳವನ್ನೂ ಆಡಿದ್ದಾಳೆ. ಆಮೇಲೆ ನಾನು ಟೀ ಕುಡಿಯಲು ಹೋಗುತ್ತಿದ್ದೆ. ಅವಳು ಹೋದಮೇಲೆ ಆ ನಂಬರನ್ನು ಒಮ್ಮೆಯೂ ಹುಡುಕಿರಲಿಲ್ಲ. ಅವಳ ಫೋಟೊ ಅಂತ ಇರುವುದು ಆಧಾರ್ ಕಾರ್ಡಿನದೊಂದೇ, ಅದರಲ್ಲಿ ಅವಳು ಅವಳ ಹಾಗಿಲ್ಲ. ಅವಳ ಲೆಕ್ಕದ ಸಾಲುಗಳನ್ನು ಪೆನ್‌ಡ್ರೈವಿಗೆ ಹಾಕಿ ಇಟ್ಟುಕೊಳ್ಳಬಹುದಿತ್ತು. ಆದರೆ ಅದು ಫೋಟೊಗೆ ಹಾರ ಹಾಕಿದ ಹಾಗೆ. ಊರಿನವರೆಲ್ಲರ ನಡುವೆ, ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿರುವ ಅಮ್ಮ ನನಗೆ ಬೇಕಿತ್ತು. ಅವಳನ್ನು ನನ್ನ ಕೈಯಾರೆ ಅಳಿಸಬೇಕಿತ್ತು. ಅತ್ತ ಜನ ಕಾಯುತ್ತಿದ್ದರು.

ಅಳಿಸಬೇಕಾದ ನಂಬರುಗಳು ಪರದೆಯ ಮೇಲೆ ಬಂದವು. ಅಮ್ಮನ ನಂಬರು ಅವುಗಳಲ್ಲಿ ಇರಲಿಲ್ಲ. ಅವಳ ಲೆಕ್ಕ ತೆರೆದು ನೋಡಿದೆ. ಎರಡು ತಿಂಗಳ ಹಿಂದಿನವರೆಗೂ ಅಮ್ಮ ತಪ್ಪದೆ ಹಾಲು ಹಾಕಿದ್ದಾಳೆ. ಅಮ್ಮ ಹೋದಮೇಲೆ ಅವಳ ಹಸುವನ್ನು ಸಾಕಲು ಹೊಡೆದುಕೊಂಡು ಹೋಗಿದ್ದ ಪಕ್ಕದ ಮನೆ ದೊಡ್ಡವ್ವನಿಗೆ ಫೋನ್ ಮಾಡಿದೆ.

"ಹಸ ನಿಮ್ಮವ್ವಂದಲ್ವೇನಪ್ಪ? ನಾನು ಹುಲ್ಲಾಕಿ ಕರೀತೀನಿ ಅಷ್ಟೇಯ. ಅವಳ ಹಸಿನ ಹಾಲ್ನ ಅವಳ ನಂಬರಿಗೆ ಹಾಕ್ದೆ ಇನ್ಯಾರ ನಂಬರಿಗೆ ಹಾಕ್ಲಿ? ದುಡ್ಡ ಡೈರಿಯೋನು ನನ್ ಕೈಗೇ ಕೊಡ್ತಾನೆ."

"ಮತ್ತೆ ಎರಡು ತಿಂಗಳಿಂದ ಯಾಕೆ ಹಾಕಿಲ್ಲ?" ಎಂದು ಕೇಳಿದೆ.

"ಗಬ್ಬ ಆಗಿತ್ತು, ಬತ್ತಿಸಿದ್ದೆ. ನೆನ್ನೆ ಕರ ಹಾಕೈತೆ."

"ಹಂಗಾದ್ರೆ ಇವತ್ತು ಹಾಕ್ಬೇಕಿತ್ತಲ್ಲ?"

"ಗಿಣ್ಣಾಲ್ನ ಯಾರಾದ್ರೂ ಡೈರಿಗಾಕ್ತಾರೇನ್ಲಾ? ಅದು ಮನೇರಿಗೆ. ಬೆಲ್ಲ ಹಾಕಿ ಗಿಣ್ಣು ಮಾಡಿವ್ನಿ, ನಿಂಗೂ ಒಂದ್ ಬಟ್ಲು ಎತ್ತಿಟ್ಟಿವ್ನಿ. ಬತ್ತೀಯೇನ್ಲಾ?"

ಅಳಿಸುವ ಗುಂಡಿ ಒತ್ತಿದೆ. ಸ್ವಲ್ಪ ಹೊತ್ತಿಗೆ ಪಾವಗಡದವನು ಫೋನ್ ಮಾಡಿ ಎಂಟ್ರಿ ಆಗುತ್ತಿದೆ ಅಂದ. ನಾನು ಅವನಿಗೆ ಏನು ಹೇಳಿದೆನೋ ನೆನಪಿಲ್ಲ. ಎರಡು ವರ್ಷದಿಂದ ನನ್ನನ್ನು ಯಾರೂ "ಬತ್ತೀಯಾ" ಅಂತ ಕೇಳಿರಲಿಲ್ಲ. ಕೋಣೆಗೆ ಬೀಗ ಹಾಕಿ, ನಮ್ಮೂರಿನ ಕಡೆಯ ಕೊರಟಗೆರೆ ಬಸ್ಸಿಗೆ ಹೋಗಿ ನಿಂತೆ.