ಒಂದೇ ಹೊಳ್ಳೆಯ ರಕ್ತ

ಇವತ್ತು ಬೆಳಿಗ್ಗೆ ಸೊಸೆ ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ಸೀದು ಮನೆಯೆಲ್ಲ ಘಾಟು ತುಂಬಿಕೊಂಡಿತು. ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿದರು. ನನಗೆ ಪಕ್ಕದ ಮನೆಯ ಅಕ್ಕನ ನೆನಪಾಯಿತು...

ಆಗಿನ್ನೂ ಮಹಾರಾಜರ ಆಳ್ವಿಕೆ. ನಾನು ಮದುವೆಯಾಗಿ ಅಜ್ಜಂಪುರದ ಹತ್ತಿರದ ಈ ಊರಿಗೆ ಬಂದ ಹೊಸದು. ಅಕ್ಕ ನನಗಿಂತ ಸ್ವಲ್ಪ ದೊಡ್ಡವಳು, ಗಟ್ಟಿಗಿತ್ತಿ. ತೆಂಗಿನ ಸಸಿಗಳಿಗೆ ಕೆರೆಯಿಂದ ಒಬ್ಬಳೇ ನೀರು ಹೊರುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳ ಬಲ ಹೊಳ್ಳೆಯಿಂದ ರಕ್ತ ಸೋರತೊಡಗಿತು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರುವಾಗುತ್ತಿತ್ತು. ಉಷ್ಣವೆಂದು ನೆತ್ತಿಗೆ ಹರಳೆಣ್ಣೆ ತಟ್ಟಿದರು, ಮೂಗಿಗೆ ಗರಿಕೆ ರಸ ಬಿಟ್ಟರು. ಯಾವುದಕ್ಕೂ ಜಗ್ಗಲಿಲ್ಲ. ಒಳಗೆ ಏನೋ ಹರಿದಾಡುತ್ತದೆ ಎಂದು ಅವಳು ಬಾಯಿಬಿಟ್ಟದ್ದೇ ತಪ್ಪಾಯಿತು. ಅದು ದೆವ್ವವೇ ಎಂದು ಅವಳ ಅತ್ತೆ ಮಂತ್ರವಾದಿಯನ್ನು ಕರೆಸಿದರು.

ನಾವೆಲ್ಲ ಬೇಲಿಯ ಈಚೆ ನಿಂತಿದ್ದೆವು. ಅವನು ಕೆಂಡಕ್ಕೆ ಮೆಣಸಿನಕಾಯಿ ಸುರಿದು ಅವಳ ಮುಖವನ್ನು ಹೊಗೆಗೆ ಒತ್ತಿದ. ಗಂಡ ಹಿಂದಿನಿಂದ ಎರಡೂ ರಟ್ಟೆ ಬಿಗಿಹಿಡಿದ. ಆಮೇಲೆ ಹುಣಸೆ ಬರಲಿನ ಏಟು. ಬೆನ್ನಿಗೆ, ಭುಜಕ್ಕೆ, ಕೊನೆಗೆ ಮುಖಕ್ಕೆ... ನುಂಗಿದ್ದ ರಕ್ತವನ್ನೆಲ್ಲ ಅವಳು ಕಾರಿಕೊಂಡಳು. ದೆವ್ವ ಹೊರಗೆ ಬರುತ್ತಿದೆ ಎಂದು ಅವನು ಇನ್ನೂ ಜೋರಾಗಿ ಬಾರಿಸಿದ. ವಾಂತಿಗೆ ಹೇಸಿ ಗಂಡ ಹಿಡಿತ ಸಡಿಲಿಸಿದ್ದೇ ತಡ, ಅಕ್ಕ ಆ ಬರಲನ್ನು ಕಿತ್ತುಕೊಂಡು ಮಂತ್ರವಾದಿಯ ಮೋರೆಗೆ ಬೀಸಿದಳು. ಅವನ ತುಟಿ ಸೀಳಿತು. ಕೆಳಗೆ ಬಿದ್ದ ಮೇಲೂ ಬೀಸಿದಳು. ಯಾರೂ ಹತ್ತಿರ ಹೋಗಲಿಲ್ಲ.

ಆಮೇಲೆ ಬೇಲಿ ದಾಟಿ ಬಂದು ನಮ್ಮ ಜಗಲಿಯ ಮೇಲೆ ಕುಸಿದಳು.

"ಗಾಡಿ ಕಟ್ಸೇ. ತರೀಕೆರೆ ಆಸ್ಪತ್ರೆಗೆ ಹೋಗ್ಬೇಕು."

ನಮ್ಮ ಯಜಮಾನರು ಎತ್ತು ಹೂಡಿದರು. ಊರು ದಾಟುವ ಮೊದಲೇ ನನ್ನ ಸೆರಗು ರಕ್ತದಲ್ಲಿ ತೊಯ್ದಿತ್ತು.

ನಾನು ದಾರಿಯುದ್ದಕ್ಕೂ ಅವಳ ತಲೆಯನ್ನು ಹಿಂದಕ್ಕೆ ವಾಲಿಸಿಕೊಂಡಿದ್ದೆ. ಹಾಗೆ ಮಾಡಿದರೆ ರಕ್ತ ಗಂಟಲಿಗಿಳಿಯುತ್ತದೆ ಎಂದು ಡಾಕ್ಟರು ಅವಳನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೆತ್ತನೆಯ ಭಾಗವನ್ನು ಒತ್ತಿ ಹಿಡಿದರು. ಒಂದೇ ಹೊಳ್ಳೆಯಿಂದ ಬರುತ್ತದೆಯೇ, ಎಲ್ಲಿಯ ನೀರು ಕುಡಿಯುತ್ತೀಯ ಎಂದು ವಿಚಾರಿಸಿದರು. ಕೆರೆಯ ನೀರನ್ನು ಹಾಗೇ ಬೊಗಸೆಯಲ್ಲಿ ಮೊಗೆದು ಕುಡಿಯುತ್ತಿದ್ದುದನ್ನು ಹೇಳಿದಳು. ಒಳಗೆ ಹರಿದಾಡುವುದನ್ನೂ ಹೇಳಿದಳು. ಅವರು ಕನ್ನಡಿಯಿಂದ ಬೆಳಕು ಬಿಟ್ಟು ನೋಡಿ, ಚಿಮುಟ ಹಾಕಿ ಎಳೆದರು. ಕಪ್ಪು ಜಿಗಣೆ; ಅವಳ ರಕ್ತ ಕುಡಿದು ಊದಿಕೊಂಡಿತ್ತು. ಹೊಳ್ಳೆಗೆ ಬಟ್ಟೆಯ ಬತ್ತಿ ತುರುಕಿದ ಮೇಲೆ ರಕ್ತ ನಿಂತಿತು. ಬರಲಿನ ತುದಿ ಚುಚ್ಚಿದ್ದ ಎಡಗಣ್ಣು ಮಾತ್ರ ಉಳಿಯಲಿಲ್ಲ.

ಮಾರನೆಯ ದಿನ ಗಂಡ ಬಂದ. ಮಂತ್ರವಾದಿ ಮೋಸ ಮಾಡಿಬಿಟ್ಟ, ಮನೆಗೆ ಬಾ ಎಂದು ಗೋಳಾಡಿದ. ಅಕ್ಕ ಉಳಿದ ಒಂದು ಕಣ್ಣಿನಲ್ಲೇ ಅವನನ್ನು ನೋಡಿದಳು.

"ಹೊಡ್ದೋನು ಅವ್ನು. ನನ್ನ ರಟ್ಟೆ ಹಿಡ್ಕಂಡಿದ್ದೋರು ಯಾರು?"

ಅವಳು ಅಲ್ಲಿಂದಲೇ ಕಡೂರು ಕಡೆಯ ತವರಿಗೆ ಹೋದಳು, ಮತ್ತೆ ಬರಲಿಲ್ಲ.

ಅಕ್ಕ ಈಗಿಲ್ಲ. ಆ ಕಡೆಯ ನೆಂಟರೊಬ್ಬರು ಮೊನ್ನೆ ಬಂದಾಗ ಹೇಳಿದರು. ತಮ್ಮನ ಮಕ್ಕಳನ್ನೆಲ್ಲ ಸಾಕಿ ದೊಡ್ಡವರನ್ನಾಗಿ ಮಾಡಿದಳಂತೆ. ಆದರೆ ಯಾರಾದರೂ ಹಿಂದಿನಿಂದ ಬಂದು ಭುಜ ಮುಟ್ಟಿದರೆ, ಮಕ್ಕಳೇ ಆಗಿರಲಿ, ಸರ್ರನೆ ತಿರುಗಿ ಕೈಯೆತ್ತುತ್ತಿದ್ದಳಂತೆ... ನಾನು ಮುಟ್ಟಿದ್ದರೂ ಎತ್ತುತ್ತಿದ್ದಳೇನೋ. ಇನ್ನು ತಿಳಿಯುವ ಬಗೆಯಿಲ್ಲ.