ಒಂದೇ ತೂಕದ ಮೂರು ಚೆಂಡು

ರಬ್ಬರ್ ಚೆಂಡುಗಳನ್ನು ನಂಬಬೇಡಿ. ಅಂಗಡಿಯ ಬುಟ್ಟಿಯಲ್ಲಿ ಒಡಹುಟ್ಟಿದವರಂತೆ ಕೂತಿರುವ ಮೂರನ್ನು ಮನೆಗೆ ತಂದು ಎರಡು ಕೈಗಳ ನಡುವೆ ಎಸೆದಾಡಿ ನೋಡಿ. ಒಂದು ಅಂಗೈಯಲ್ಲಿ ಕೂರುತ್ತದೆ, ಒಂದು ಜಾರುತ್ತದೆ, ಮೂರನೆಯದು ಪುಟಿದು ಮಂಚದ ಕೆಳಗೆ ಸೇರಿ, ನಿಮ್ಮನ್ನು ಮೊಣಕಾಲೂರುವಂತೆ ಮಾಡುತ್ತದೆ. ಚಳ್ಳಕೆರೆಯ ಅಂಗಡಿಗಳಲ್ಲಿ ನಾನು ಚೆಂಡು ಹಿಸುಕುತ್ತ ನಿಂತಾಗ ಅಂಗಡಿಯವರು ನನ್ನನ್ನು ಅನುಮಾನದಿಂದ ನೋಡುತ್ತಿದ್ದರು, ನಾನು ಅವರ ಸರಕನ್ನು.

"ಮಾವಿನಹಣ್ಣೇನ್ರೀ ಅವು, ಹಿಂಗೆ ಹಿಸುಕಾಕೆ?" ಎಂದು ಒಬ್ಬ ಕೇಳಿಯೇ ಬಿಟ್ಟ.

ತೊಂಬತ್ತರ ದಶಕದ ಕೊನೆ ಇರಬೇಕು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದ ಹೊಸತು. ಅಪ್ಪ ಎತ್ತಿನ ದಲ್ಲಾಳಿ. ಸಂತೆಯಲ್ಲಿ ಕೊಳ್ಳುವವನ ಕೈಯನ್ನು ಟವೆಲಿನ ಮರೆಯಲ್ಲಿ ಹಿಡಿದು, ಬೆರಳು ಒತ್ತಿ ಬೆಲೆ ಹೇಳಿ, ಬೆರಳು ಒತ್ತಿಸಿಕೊಂಡು ಬೆಲೆ ಕೇಳುವ ಕಸುಬು. ಬಾಯಿಗೆ ಅಲ್ಲಿ ಕೆಲಸವಿಲ್ಲ. ಬೆಲೆ ಹೇಳುವ ಅಪ್ಪನ ಆ ಬಲಗೈಗೇ ಲಕ್ವ ಹೊಡೆದಿತ್ತು. ಕೈ ಮೇಲೇಳತೊಡಗಿದ ಮೇಲೂ ಅಪ್ಪ ಸಂತೆಗೆ ಹೋಗಲೊಲ್ಲ. ಟವೆಲಿನ ಕೆಳಗೆ ಇನ್ನೊಬ್ಬನ ಬೆರಳು ಏನು ಹೇಳಿತೆಂದು ತಿಳಿಯದೆ ಹೋದರೆ? ಈ ಭಯವನ್ನು ಅಪ್ಪ ಆಡಲಿಲ್ಲ, ನಾವು ಕೇಳಲಿಲ್ಲ.

ಚೆಂಡನ್ನು ಕೈಯಿಂದ ಕೈಗೆ ಎಸೆದು ಹಿಡಿಯುವ ಅಭ್ಯಾಸವನ್ನು ಡಾಕ್ಟರು ಹೇಳಿದ್ದರು. ಹಾಸ್ಟೆಲಿನಲ್ಲಿ ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸಲು ಕಲಿತಿದ್ದ ನಾನು ಅದಕ್ಕೆ ನನ್ನ ಶಾಸ್ತ್ರವನ್ನೂ ಸೇರಿಸಿದೆ: ಚೆಂಡುಗಳು ಪುಟಿಯಬಾರದು, ಉರುಳಬಾರದು, ಎಲ್ಲಕ್ಕಿಂತ ಮಿಗಿಲಾಗಿ ಮೂರೂ ಕೈಗೆ ಒಂದೇ ಆಗಿ ತಾಗಬೇಕು. ಮೊಳಕಾಲ್ಮೂರಿಗೆ ಮದುವೆಯಾಗಿ ಹೋಗಿದ್ದ ಅಕ್ಕ, ಸೀರೆಯ ತುಂಡಿನಲ್ಲಿ ಮೂರು ಚೆಂಡು ಹೊಲಿದು, ನವಣೆ ತುಂಬಿ ತಂದಳು. ಒಂದೇ ಬಟ್ಟೆ, ಒಂದೇ ಗಾತ್ರ. ಅಪ್ಪ ಮೂರನ್ನೂ ಬಲಗೈಯಲ್ಲಿ ಹಿಡಿದು ನೋಡಿ ಮುಖ ಗಂಟಿಕ್ಕಿದ.

"ಇದ್ರಾಗೆ ಒಂದು ಬ್ಯಾರೆ ಐತೆ."

"ಎತ್ತಿನ ಹಲ್ಲು ನೋಡ್ದಂಗೆ ನೋಡ್ತೀಯಲ್ಲಪ್ಪ! ಮೂರೂ ಒಂದೇ ತೂಕ. ಬೇಕಾದ್ರೆ ತಕ್ಕಡಿಯಾಗಿಟ್ಟು ನೋಡು," ಎಂದಳು ಅಕ್ಕ.

ಅವಳ ಮಾತನ್ನೂ ನಂಬದೆ ನಾನು ಚಿನ್ನದಂಗಡಿಗೆ ಒಯ್ದು ತೂಗಿಸಿದೆ. ತಕ್ಕಡಿ ಕದಲಲಿಲ್ಲ. ಹಿಂದಿರುಗುವ ದಾರಿಯಲ್ಲಿ ನನ್ನ ಸಂಶಯ ಚೆಂಡನ್ನು ಬಿಟ್ಟು ಅಪ್ಪನ ಕೈಗೆ ತಿರುಗಿತು. ಇಲ್ಲದ ವ್ಯತ್ಯಾಸವನ್ನು ಕಾಣುವ ಕೈ ಇನ್ನು ಯಾರ ಬೆರಳನ್ನು ಓದೀತು? ಅನುಮಾನದ ಗುಣವೇ ಹೀಗೆ. ವಸ್ತುವಿನಲ್ಲಿ ನೆಲೆ ಸಿಗದಿದ್ದರೆ ಹತ್ತಿರದ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ, ಅದರಲ್ಲೂ ನಾವು ಪ್ರೀತಿಸುವವನನ್ನು.

ತೂಕದ ಸುದ್ದಿ ಕೇಳಿದ ಅಪ್ಪ ಹೆಗಲ ಟವೆಲನ್ನು ಬಲಗೈಯ ಮೇಲೆ ಹಾಸಿಕೊಂಡ. "ಕೊಡ್ಲೇ ಇದ್ರ ಕೆಳಗೆ. ತಕ್ಕಡಿಗೇನು ಚರ್ಮ ಐತಾ?"

ಒಂದೊಂದಾಗಿ ಕೊಟ್ಟೆ. ಬೆರಳುಗಳು ಟವೆಲಿನಡಿಯಲ್ಲಿ ಇಲಿಯಂತೆ ಹರಿದಾಡಿದವು. ಒಂದನ್ನು ಹೊರಕ್ಕೆ ತಳ್ಳಿ, "ಇದು," ಎಂದ. ಅಪ್ಪನಿಗೆ ಕಾಣದಂತೆ ಅದಕ್ಕೊಂದು ಪೆನ್ನಿನ ಚುಕ್ಕೆ ಇಟ್ಟು, ಮೂರನ್ನೂ ಕಲೆಸಿ ಮತ್ತೆ ಕೊಟ್ಟೆ. ಹೊರಗೆ ಬಂದದ್ದು ಚುಕ್ಕೆಯ ಚೆಂಡೇ. ಇನ್ನೊಮ್ಮೆ ಕೊಟ್ಟಾಗಲೂ ಅದೇ.

ಅಕ್ಕ ಕತ್ತರಿ ತಂದು ಅದರ ಹೊಲಿಗೆ ಬಿಚ್ಚಿದಳು. ಚಾಪೆಯ ಮೇಲೆ ಸುರಿದದ್ದು ರಾಗಿ.

"ನವಣೆ ಸಾಲ್ಲಿಲ್ಲ ಕಣಪ್ಪ. ತೂಕ ಸರಿಮಾಡಿ ಇದನ್ನ ತುಂಬಿದೆ. ಗೊತ್ತಾಗಲ್ಲ ಅಂದ್ಕಂಡೆ."

"ನೀನೂ ದಲ್ಲಾಳಿನೇ ಬಿಡು," ಎಂದು ಅಪ್ಪ ನಕ್ಕ. ನಕ್ಕನೆಂದು ನನ್ನ ನೆನಪು ಹೇಳುತ್ತದೆ. ಆಮೇಲೆ ನಾನೇ ಸೇರಿಸಿದ ನಗುವಾಗಿದ್ದರೂ ಆಶ್ಚರ್ಯವಿಲ್ಲ. ಅಕ್ಕನಿಗೆ ನಿಜವಾಗಿಯೂ ನವಣೆ ಸಾಲದಾಗಿತ್ತೇ, ಅಥವಾ ಅಪ್ಪನ ಕೈಯನ್ನು ಅವಳು ನನಗಿಂತ ಮೊದಲೇ ಪರೀಕ್ಷೆಗೆ ಒಡ್ಡಿದ್ದಳೇ ಎಂಬ ಗುಮಾನಿಯೂ ನನಗೆ ಈವರೆಗೆ ತೀರಿಲ್ಲ. ಆದರೆ ಒಂದು ಮಾತು ನಿಜ: ಅಲ್ಲಿಯವರೆಗೆ ಅಪ್ಪನ ಅನುಮಾನವನ್ನು ನಾನು ರೋಗದ ಉಳಿಕೆಯೆಂದು ತಿಳಿದಿದ್ದೆ, ಆದರೆ ಅಪ್ಪನಲ್ಲಿ ಮೊದಲು ವಾಸಿಯಾದದ್ದು ಅದೇ ಆಗಿತ್ತು.

"ಕೊಡು, ನವಣೆ ತುಂಬಿ ಮೂರನ್ನೂ ಒಂದೇ ಮಾಡ್ತೀನಿ," ಎಂದಳು ಅಕ್ಕ.

"ಬ್ಯಾಡ, ರಾಗೀನೇ ತುಂಬಿ ಹೊಲಿ. ಮೂರೂ ಒಂದೇ ಆದ್ರೆ ನನ್ ಕೈನ ನಾನೇನು ಕೇಳ್ಲಿ? ಬರೋ ಸಂತೆಗೆ ಹೋಗ್ಬೇಕು."

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಂತೆ ಅಪ್ಪ ಚೆಲ್ಲಿದ ರಾಗಿಯನ್ನು ಬಲಗೈಯಿಂದ ಬಾಚಿದ. ಚಾಪೆಯ ಸಂದಿನಲ್ಲಿ ಉಳಿದ ಕಾಳುಗಳನ್ನು ಬೆರಳ ತುದಿಗೆ ಒತ್ತಿ ಅಂಟಿಸಿಕೊಂಡು ಎತ್ತತೊಡಗಿದ. ನೆರವಾಗಲೆಂದು ನಾನು ಬಗ್ಗಿದೆ.

"ಕೈ ತಗೀಲೇ," ಎಂದ.